ಒಂದೇ ಲೋಲಕ, ಐದು ಉತ್ತರ: ತಪ್ಪಿದ್ದು ಎಲ್ಲಿ?

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ವಿಜ್ಞಾನದ ಪಾಠಕ್ಕೆ ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ಲೋಲಕ ಮಾಡಿದೆವು. ಒಂದು ಸಲ ಹೋಗಿ ಬರಲು ಎಷ್ಟು ಹೊತ್ತು ಬೇಕು ಅಂತ ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಐದು ಸಲ ಅಳೆದಳು. ಬಂದದ್ದು 1.82, 2.15, 1.94, 2.23, 1.88 ಸೆಕೆಂಡ್. ಪ್ರತಿ ಆಂದೋಲನಕ್ಕೂ ಒಂದೇ ಸಮಯ ಅಂತ ಪುಸ್ತಕ ಹೇಳುತ್ತದೆ. ಹಾಗಾದರೆ ಇದರಲ್ಲಿ ಯಾವುದು ಸರಿ? ಅದೇ ಪಾಠದಲ್ಲಿ ಇನ್ನೊಂದು ಲೆಕ್ಕ. ಹೋಗುವಾಗ ಗಂಟೆಗೆ 40 ಕಿಲೋಮೀಟರ್, ಅದೇ ದಾರಿಯಲ್ಲಿ ಬರುವಾಗ 60. ಸರಾಸರಿ ಜವ 50 ಅಂತ ನಾನೇ ಹೇಳಿಕೊಟ್ಟೆ. ಉತ್ತರ 48 ಅಂತೆ. ಎರಡರಲ್ಲೂ ಎಲ್ಲಿ ಎಡವಿದೆವು?

ಉತ್ತರ: ಮೊದಲು ಮಗಳಿಗೆ ಒಂದು ಮಾತು ಹೇಳಿ. ಐದು ಉತ್ತರವನ್ನೂ ಇದ್ದದ್ದು ಇದ್ದ ಹಾಗೆ ಬರೆದಿಟ್ಟಳಲ್ಲ, ಅದು ಬಹಳ ಒಳ್ಳೆಯ ಕೆಲಸ. ಎಷ್ಟೋ ಮಕ್ಕಳು ಪುಸ್ತಕದ ಉತ್ತರಕ್ಕೆ ಹತ್ತಿರ ಇರುವ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಿಬಿಡುತ್ತಾರೆ. ಅಳಿಸಿದ್ದರಲ್ಲೇ ಕಲಿಯುವುದು ಇರುತ್ತದೆ.

ನಿಮ್ಮ ಎರಡು ಪ್ರಶ್ನೆ ಬೇರೆ ಬೇರೆ ಅನಿಸಬಹುದು. ನನಗೆ ಒಂದೇ ಪ್ರಶ್ನೆಯಾಗಿ ಕಾಣುತ್ತದೆ. ದೂರ ಕಣ್ಣಿಗೆ ಕಾಣುತ್ತದೆ, ಪಟ್ಟಿ ಇಟ್ಟು ಅಳೆಯಬಹುದು, ಅನುಮಾನ ಬಂದರೆ ಮತ್ತೆ ಇಟ್ಟು ನೋಡಬಹುದು. ಸಮಯ ಹಾಗಲ್ಲ. ಅದು ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಹೋದದ್ದನ್ನು ಇನ್ನೊಮ್ಮೆ ಅಳೆಯಲು ಆಗುವುದಿಲ್ಲ. ಹಾಗಾಗಿ ನಾವು ದೂರದ ಕಡೆ ಗಮನ ಕೊಟ್ಟು ಸಮಯವನ್ನು ಸುಮ್ನೆ ಬಿಟ್ಟುಬಿಡುತ್ತೇವೆ. ಲೋಲಕದಲ್ಲಿ ತೊಂದರೆ ಬಂದದ್ದು ಸಮಯ ಅಳೆದ ರೀತಿಯಲ್ಲಿ. 50 ತಪ್ಪಿದ್ದು ಯಾವ ಜವದಲ್ಲಿ ಎಷ್ಟು ಹೊತ್ತು ಓಡಿದೆವು ಅಂತ ಕೇಳದೇ ಹೋದದ್ದರಿಂದ.

ಲೋಲಕದಿಂದ ಶುರು ಮಾಡೋಣ. ನಿಮ್ಮ ಕಲ್ಲು ಪ್ರತಿ ಸಲವೂ ಒಂದೇ ಸಮಯದಲ್ಲಿ ಹೋಗಿ ಬಂದಿದೆ. ಒಂದು ಮೀಟರ್ ಲೋಲಕಕ್ಕೆ ಅದು 2.01 ಸೆಕೆಂಡ್. ಕಲ್ಲು ಬದಲಾಗಲಿಲ್ಲ, ಬದಲಾಗಿದ್ದು ಬೆರಳು. ಕಣ್ಣಿಗೆ ಕಂಡದ್ದು ತಲೆಗೆ ಹೋಗಿ, ಅಲ್ಲಿಂದ ಒತ್ತು ಅನ್ನುವ ಸೂಚನೆ ಬೆರಳಿಗೆ ಬರುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಕಳೆದಿರುತ್ತದೆ. ಇದು ಯಾರ ತಪ್ಪೂ ಅಲ್ಲ, ಎಲ್ಲ ಮನುಷ್ಯರಿಗೂ ಹೀಗೇ. ಪ್ರತಿ ಸಲ ಸರಿಯಾಗಿ ಅಷ್ಟೇ ತಡವಾಗಿದ್ದರೆ ಚಿಂತೆ ಇರಲಿಲ್ಲ. ಶುರುವಿನಲ್ಲೂ ಅಷ್ಟೇ ತಡ, ಕೊನೆಯಲ್ಲೂ ಅಷ್ಟೇ ತಡ, ಎರಡೂ ಹೊಡೆದುಹೋಗುತ್ತಿತ್ತು. ಆದರೆ ಒಮ್ಮೆ ಬೇಗ ಒತ್ತುತ್ತೇವೆ, ಒಮ್ಮೆ ನಿಧಾನ, ಇನ್ನೊಮ್ಮೆ ಕಲ್ಲು ಬರುವುದನ್ನು ಮೊದಲೇ ಊಹಿಸಿ ಅವಸರದಲ್ಲಿ ಒತ್ತಿಬಿಡುತ್ತೇವೆ. ನಿಮ್ಮ ಐದು ಸಂಖ್ಯೆಗಳಲ್ಲಿ ಕಾಣುವ ಏರುಪೇರು ಇದೇ.

ಪರಿಹಾರ ಬಹಳ ಸರಳ, ಮತ್ತು ನನಗೆ ತುಂಬಾ ಇಷ್ಟವಾದದ್ದು. ಒಂದು ತೂಗಾಟ, ಅಂದರೆ ಒಂದು ಸಲ ಹೋಗಿ ಬರುವುದನ್ನು, ಅಳೆಯಬೇಡಿ. ಇಪ್ಪತ್ತು ತೂಗಾಟ ಒಟ್ಟಿಗೆ ಅಳೆದು 20ರಿಂದ ಭಾಗಿಸಿ. ಬೆರಳು ಮಾಡುವ ತಪ್ಪು ಆಗಲೂ ಅಷ್ಟೇ ಇರುತ್ತದೆ, ಯಾಕೆಂದರೆ ಗುಂಡಿ ಒತ್ತುವುದು ಎರಡೇ ಸಲ. ಆದರೆ ಆ 0.2 ಸೆಕೆಂಡ್ ಇಪ್ಪತ್ತು ತೂಗಾಟಕ್ಕೆ ಹಂಚಿಹೋಗುತ್ತದೆ, ಒಂದರ ಪಾಲಿಗೆ ಬರುವುದು 0.01 ಮಾತ್ರ. ಅದೇ ಬೆರಳು, ಅದೇ ಮೊಬೈಲು, ಅಳತೆ ಮಾತ್ರ ಇಪ್ಪತ್ತು ಪಟ್ಟು ಚೊಕ್ಕ. ಒಂದು ಹಾಳೆಯ ದಪ್ಪ ಅಳೆಯಲು ನೂರು ಹಾಳೆ ಜೋಡಿಸಿ ಅಳೆಯುತ್ತೇವಲ್ಲ, ಅದೇ ಉಪಾಯ.

ನಿಮ್ಮ ಐದು ಉತ್ತರವನ್ನು ಕೂಡಿಸಿ ಐದರಿಂದ ಭಾಗಿಸಿದರೆ 2.004 ಬರುತ್ತದೆ. ಸರಿಯಾದ ಉತ್ತರಕ್ಕೆ ಎಷ್ಟು ಹತ್ತಿರ ನೋಡಿ. ಹೆಚ್ಚಿನದು ಕಡಿಮೆಯದನ್ನು ಸರಿದೂಗಿಸಿದೆ. ಸರಾಸರಿ ತೆಗೆಯುವುದು ಅದಕ್ಕೇ. ಆದರೆ ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ, ಇನ್ನೊಂದು ಐದು ಸಲ ಅಳೆದರೆ 2.08 ಬಂದರೂ ಆಶ್ಚರ್ಯ ಇಲ್ಲ.

ಇನ್ನು ಸರಾಸರಿಯಿಂದ ಸರಿಹೋಗದ ತಪ್ಪುಗಳೂ ಇವೆ, ಅವುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮೊದಲನೆಯದು ಎಣಿಕೆ. ಹತ್ತರಲ್ಲಿ ಎಂಟು ಮಕ್ಕಳು, ದೊಡ್ಡವರೂ ಕೂಡ, ಗುಂಡಿ ಒತ್ತುವಾಗ "ಒಂದು" ಅನ್ನುತ್ತಾರೆ ಅನ್ನುವುದು ನಾನು ಕಂಡದ್ದು. ಆಗ ಒಂದೂ ತೂಗಾಟ ಮುಗಿದಿಲ್ಲ ಅಲ್ವಾ? ಅವರು "ಇಪ್ಪತ್ತು" ಅಂದು ನಿಲ್ಲಿಸುವ ಹೊತ್ತಿಗೆ ಮುಗಿದಿರುವುದು ಹತ್ತೊಂಬತ್ತೇ. 38.1 ಸೆಕೆಂಡ್ ಬರುತ್ತದೆ, 20ರಿಂದ ಭಾಗಿಸಿದರೆ 1.91. ನೂರು ಸಲ ಮಾಡಿದರೂ ಅದೇ 1.91, ಎಲ್ಲ ಉತ್ತರವೂ ಒಂದೇ ಥರ ಇರುವುದರಿಂದ ಸರಿ ಅಂತಲೇ ನಂಬಿಕೆ ಬರುತ್ತದೆ. ಇದು ಏರುಪೇರಿಗಿಂತ ಅಪಾಯದ ತಪ್ಪು. ಗುಂಡಿ ಒತ್ತುವಾಗ "ಸೊನ್ನೆ" ಅನ್ನಲು ಹೇಳಿ, ಅಷ್ಟೇ ಸಾಕು.

ಎರಡನೆಯದು, ಎಲ್ಲಿಂದ ಎಣಿಸುವುದು. ಸಾಮಾನ್ಯವಾಗಿ ಕಲ್ಲನ್ನು ಒಂದು ಪಕ್ಕಕ್ಕೆ ಎಳೆದು ಬಿಡುತ್ತಲೇ ಗುಂಡಿ ಒತ್ತುತ್ತೇವೆ, ಅದು ಮತ್ತೆ ಆ ತುದಿಗೆ ಬಂದಾಗ ನಿಲ್ಲಿಸುತ್ತೇವೆ. ತೊಂದರೆ ಏನೆಂದರೆ ತುದಿಗೆ ಬರುತ್ತಾ ಕಲ್ಲು ನಿಧಾನವಾಗಿ, ಒಂದು ಕ್ಷಣ ನಿಂತು, ಆಮೇಲೆ ಹಿಂದಿರುಗುತ್ತದೆ. ಸರಿಯಾಗಿ ಯಾವ ಕ್ಷಣದಲ್ಲಿ ತಿರುಗಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ನಡುವೆ, ಅಂದರೆ ದಾರ ನೆಟ್ಟಗೆ ಇಳಿದು ಕಲ್ಲು ಅತಿ ಕೆಳಗೆ ಇರುವ ಜಾಗದಲ್ಲಿ, ಅದರ ಜವ ಅತಿ ಹೆಚ್ಚು. ಅಲ್ಲಿ ಹಿಂದೆ ಒಂದು ಗೆರೆ ಎಳೆದಿಟ್ಟರೆ ಕಲ್ಲು ಆ ಗೆರೆ ದಾಟುವುದು ಥಟ್ಟನೆ ಕಾಣುತ್ತದೆ. ಕಲ್ಲು ಓಡುತ್ತಿರುವ ಕಡೆಯೇ ಅಳೆಯಲು ಸುಲಭ ಅನ್ನುವುದು ಮೊದಲು ವಿಚಿತ್ರ ಅನಿಸುತ್ತದೆ, ಒಮ್ಮೆ ಮಾಡಿ ನೋಡಿದರೆ ಮನಸ್ಸಿಗೆ ಹಿಡಿಯುತ್ತದೆ. ಒಂದು ಎಚ್ಚರ, ಒಂದು ತೂಗಾಟದಲ್ಲಿ ಕಲ್ಲು ಆ ಗೆರೆಯನ್ನು ಎರಡು ಸಲ ದಾಟುತ್ತದೆ. ಎಡದಿಂದ ಬಲಕ್ಕೆ ದಾಟುವುದನ್ನು ಮಾತ್ರ ಎಣಿಸಬೇಕು.

ಮೂರನೆಯದು, ಉದ್ದ. ಲೋಲಕದ ಉದ್ದ ಅಂದರೆ ಗಂಟಿನ ತನಕ ಅಲ್ಲ, ಕಲ್ಲಿನ ನಡುಮಧ್ಯದ ತನಕ. ಜೊತೆಗೆ ತುಂಬಾ ದೂರ ಎಳೆದು ಬಿಡಬೇಡಿ. ತೂಗಾಟ ದೊಡ್ಡದಿರಲಿ ಚಿಕ್ಕದಿರಲಿ ಸಮಯ ಒಂದೇ ಅನ್ನುವ ಮಾತು ಚಿಕ್ಕ ತೂಗಾಟಕ್ಕೆ ಮಾತ್ರ ನಿಜ. 10 ಡಿಗ್ರಿ ಎಳೆದರೆ ವ್ಯತ್ಯಾಸ ಶೇಕಡಾ 0.2 ಮಾತ್ರ, ನಿಮ್ಮ ಮೊಬೈಲಿಗೆ ಸಿಗುವುದೇ ಇಲ್ಲ. 60 ಡಿಗ್ರಿ ಎಳೆದರೆ ಸಮಯ ಶೇಕಡಾ 7ರಷ್ಟು ಹೆಚ್ಚಾಗುತ್ತದೆ. ಕಲ್ಲಿನ ತೂಕ ಮಾತ್ರ ಲೆಕ್ಕಕ್ಕಿಲ್ಲ, ಸಣ್ಣ ಕಲ್ಲು ಬಿಚ್ಚಿ ದೊಡ್ಡದು ಕಟ್ಟಿದರೂ ನಡುಮಧ್ಯ ಅದೇ ಎತ್ತರದಲ್ಲಿದ್ದರೆ ಸಮಯ ಅದೇ. ಇದನ್ನು ಹೇಳಿಕೊಡಬೇಡಿ, ಅವಳೇ ಮಾಡಿ ನೋಡಲಿ.

ಸಮಯ ಅಳೆಯುವ ಕಷ್ಟ ನಿಮ್ಮೊಬ್ಬರದೇ ಅಲ್ಲ. 100 ಮೀಟರ್ ಓಟದಲ್ಲಿ ಕೈಯಿಂದ ಸ್ಟಾಪ್‌ವಾಚ್ ಒತ್ತಿ ತೆಗೆದ ಸಮಯವನ್ನು ಯಂತ್ರದ ಸಮಯದ ಜೊತೆ ಹೋಲಿಸಬೇಕಾದರೆ 0.24 ಸೆಕೆಂಡ್ ಕೂಡಿಸುವ ರೂಢಿ ಇದೆ. ಯಾಕೆ ಕೂಡಿಸಬೇಕು? ಪಿಸ್ತೂಲಿನ ಹೊಗೆ ಕಂಡ ಮೇಲೆ ಗುಂಡಿ ಒತ್ತುವುದರಿಂದ ಶುರು ತಡವಾಗುತ್ತದೆ. ಕೊನೆಯಲ್ಲಿ ಹಾಗಲ್ಲ, ಓಟಗಾರ ಗೆರೆಯ ಕಡೆ ಬರುತ್ತಿರುವುದು ಕಾಣುತ್ತಿರುತ್ತದೆ, ಬೆರಳು ಸಿದ್ಧವಾಗಿ ಕಾದಿರುತ್ತದೆ. ಶುರುವಿನ ತಡ ಕೊನೆಯ ತಡದ ಜೊತೆ ಹೊಡೆದುಹೋಗುವುದಿಲ್ಲ. ಹಾಗಾಗಿ ಕೈಯಿಂದ ಒತ್ತಿದ ಸ್ಟಾಪ್‌ವಾಚ್‌ನಲ್ಲಿ ಎಲ್ಲರೂ ನಿಜಕ್ಕಿಂತ ವೇಗವಾಗಿ ಓಡಿದಂತೆ ಕಾಣುತ್ತದೆ.

ಹಾಗಾದರೆ ಸ್ಟಾಪ್‌ವಾಚೇ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಈ ಭಾಗವನ್ನು ಮಗಳಿಗೆ ಖಂಡಿತ ಹೇಳಿ. "ಒಂದು ಗಳಿಗೆ ಇರು" ಅನ್ನುತ್ತೇವಲ್ಲ, ಆ ಗಳಿಗೆ ನಿಜಕ್ಕೂ ಒಂದು ಅಳತೆ, 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗಲು ಹಿಡಿಯುವ ಹೊತ್ತು. ದಿನಕ್ಕೆ ಅಂಥ 60 ಗಳಿಗೆ. ಆದರೆ ಒಂದೆರಡು ಸೆಕೆಂಡ್ ಅಳೆಯಲು ಈ ಬಟ್ಟಲು ಸಾಲದು. ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಚಲನೆ ಅಭ್ಯಾಸ ಮಾಡಿದಾಗ ಬಂದ ಕಷ್ಟ ಇದೇ. ಅವರು ಮಾಡಿದ್ದೇನು ಗೊತ್ತಾ? ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ತಳದಲ್ಲಿ ಸಣ್ಣ ಕೊಳವೆ ಇಟ್ಟು, ಗುಂಡು ಉರುಳುವಷ್ಟು ಹೊತ್ತು ಮಾತ್ರ ಆ ನೀರನ್ನು ಲೋಟದಲ್ಲಿ ಹಿಡಿದರು. ಆಮೇಲೆ ಆ ನೀರನ್ನು ತಕ್ಕಡಿಯಲ್ಲಿ ತೂಗಿದರು. ಎರಡು ಪಟ್ಟು ನೀರು ಅಂದರೆ ಎರಡು ಪಟ್ಟು ಸಮಯ. ಸಮಯವನ್ನು ತೂಕ ಮಾಡಿ ಅಳೆದರು! ಇದು 1638ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿದೆ. ಸಮಯ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು ಅನ್ನುವ ನಿಯಮವನ್ನು ಅವರು ಈ ನೀರಿನ ಗಡಿಯಾರದಿಂದ ಪರೀಕ್ಷಿಸಿ ನೋಡಿದರು.

ಗೆಲಿಲಿಯೊ ಅವರು ಪೀಸಾ ನಗರದ ಚರ್ಚಿನಲ್ಲಿ ತೂಗುತ್ತಿದ್ದ ದೀಪವನ್ನು ತಮ್ಮ ನಾಡಿ ಬಡಿತದಿಂದ ಅಳೆದರು ಅನ್ನುವ ಕಥೆಯನ್ನು ಅವರ ಶಿಷ್ಯ ವಿವಿಯಾನಿ ಬರೆದಿಟ್ಟಿದ್ದಾರೆ. ಮುಂದೆ ಸಾಂಟೋರಿಯೊ ಅನ್ನುವ ವೈದ್ಯರು ಇದನ್ನೇ ತಿರುಗಿಸಿ, ಲೋಲಕದಿಂದ ರೋಗಿಯ ನಾಡಿ ಅಳೆದರು. ಇಲ್ಲಿ ಚುರುಕು ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ. ನಾಡಿಯಿಂದ ಲೋಲಕ, ಲೋಲಕದಿಂದ ನಾಡಿ ಅಂದರೆ ಯಾವುದು ಗಡಿಯಾರ, ಯಾವುದನ್ನು ನಂಬುವುದು? ಒಳ್ಳೆಯ ಪ್ರಶ್ನೆ. ಸಮಯವನ್ನೇ ಪಕ್ಕದಲ್ಲಿಟ್ಟು ಗಡಿಯಾರ ಸರಿಯೇ ಅಂತ ನೋಡಲು ಆಗುವುದಿಲ್ಲ. ಒಂದು ಗಡಿಯಾರವನ್ನು ಇನ್ನೊಂದರ ಜೊತೆ ಹೋಲಿಸಬಹುದು, ಅಷ್ಟೇ. ಒಂದೇ ಉದ್ದದ ಎರಡು ಲೋಲಕಗಳನ್ನು ಒಟ್ಟಿಗೆ ಬಿಟ್ಟರೆ ಬಹಳ ಹೊತ್ತಿನ ತನಕ ಜೊತೆಜೊತೆಗೇ ತೂಗುತ್ತವೆ. ಇಬ್ಬರ ನಾಡಿ ಹಾಗೆ ಜೊತೆಗೆ ಬಡಿಯುವುದಿಲ್ಲ, ಮೆಟ್ಟಿಲು ಹತ್ತಿದರೆ ಒಬ್ಬನ ನಾಡಿಯೇ ಬದಲಾಗುತ್ತದೆ. ಆದ್ದರಿಂದ ಲೋಲಕವನ್ನು ನಂಬಿದರು.

1656ರಲ್ಲಿ ಹಾಲೆಂಡಿನ ವಿಜ್ಞಾನಿ ಹೈಗೆನ್ಸ್ ಲೋಲಕವನ್ನು ಗಡಿಯಾರದ ಒಳಗೆ ಕೂರಿಸಿದರು. ಅದಕ್ಕೂ ಮೊದಲು ಒಳ್ಳೆಯ ಗಡಿಯಾರವೂ ದಿನಕ್ಕೆ ಸುಮಾರು 15 ನಿಮಿಷ ತಪ್ಪುತ್ತಿತ್ತು. ಲೋಲಕ ಬಂದ ಮೇಲೆ ಅದು 15 ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಅಳತೆ ಚೊಕ್ಕವಾದ ಕೂಡಲೇ ಯಾರೂ ನೆನೆಸದ ಸಂಗತಿಗಳು ಹೊರಗೆ ಬರತೊಡಗಿದವು. 1672ರಲ್ಲಿ ಝಾನ್ ರಿಷೆ ಅನ್ನುವ ಫ್ರೆಂಚ್ ಖಗೋಳಜ್ಞರು ಪ್ಯಾರಿಸಿನಿಂದ ದಕ್ಷಿಣ ಅಮೆರಿಕದ ಕೇಯೆನ್‌ಗೆ ಹೋದರು. ಪ್ಯಾರಿಸಿನಲ್ಲಿ ಸರಿಯಾಗಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ. ಸಮಭಾಜಕದ ಹತ್ತಿರ ಭೂಮಿ ಎಳೆಯುವ ಬಲವೇ ಸ್ವಲ್ಪ ಕಡಿಮೆ. ಭೂಮಿ ತಿರುಗುತ್ತಿರುವುದರಿಂದ ಅದರ ನಡು ಕೊಂಚ ಉಬ್ಬಿದೆ, ಆ ತಿರುಗಾಟವೂ ಎಳೆತವನ್ನು ಒಂದಿಷ್ಟು ಕಮ್ಮಿ ಮಾಡುತ್ತದೆ. ದಾರ ಮತ್ತು ಗುಂಡಿನಿಂದ ಭೂಮಿಯ ಆಕಾರ ತಿಳಿಯುವ ದಾರಿ ಸಿಕ್ಕಿತು.

ಮುಂದೆ ಆಗಿದ್ದೂ ಇದೇ ಥರ, ಇನ್ನೂ ಬೇಗ ಮತ್ತು ಇನ್ನೂ ಸಮನಾಗಿ ತೂಗುವುದನ್ನು ಹುಡುಕುತ್ತಾ ಹೋದರು. ಈಗಿನ ಕ್ವಾರ್ಟ್ಜ್ ಕೈಗಡಿಯಾರದ ಒಳಗೆ ಚಿಕ್ಕ ಹರಳೊಂದು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಆ ಸಂಖ್ಯೆಯನ್ನು ಅರ್ಧ ಮಾಡುತ್ತಾ ಹೋಗಿ, ಹದಿನೈದನೇ ಸಲಕ್ಕೆ ಸರಿಯಾಗಿ ಒಂದು ಬರುತ್ತದೆ. ಅರ್ಧ ಮಾಡುವ ಸಣ್ಣ ಸರ್ಕ್ಯೂಟುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಸೆಕೆಂಡ್ ಸಿಗುತ್ತದೆ, ಅದಕ್ಕೇ ಆ ಸಂಖ್ಯೆ. 1967ರಿಂದ ಸೆಕೆಂಡಿನ ಅಧಿಕೃತ ಅರ್ಥವೇ ಸೀಸಿಯಂ ಪರಮಾಣುವಿನ ವಿಕಿರಣದ 9,192,631,770 ಕಂಪನಗಳು. ಇಂಥ ಗಡಿಯಾರದ ಪಕ್ಕ ಇಟ್ಟು ನೋಡಿದರೆ ಭೂಮಿಯೇ ಸರಿಯಾಗಿ ಸಮನಾಗಿ ತಿರುಗುವುದಿಲ್ಲ ಅಂತ ಕಾಣುತ್ತದೆ. 1972ರಿಂದ ಈಚೆಗೆ 27 ಸಲ ನಾವು ನಮ್ಮ ಗಡಿಯಾರಗಳಿಗೆ ಒಂದೊಂದು ಸೆಕೆಂಡ್ ಸೇರಿಸಿ ಭೂಮಿಗೋಸ್ಕರ ಕಾದಿದ್ದೇವೆ. ಕೊನೆಯದು 2016ರ ಡಿಸೆಂಬರ್ 31ರಂದು. ಇಷ್ಟೆಲ್ಲ ಆದರೂ ಮಾಡುತ್ತಿರುವುದು ನಿಮ್ಮ ಮಗಳು ಮಾಡಿದ ಕೆಲಸವನ್ನೇ. ಒಂದೇ ಥರ ಮರಳಿ ಮರಳಿ ಬರುವುದನ್ನು ಹಿಡಿದು, ಎಷ್ಟು ಸಲ ಬಂತು ಅಂತ ಎಣಿಸುವುದು.

ಈಗ 40 ಮತ್ತು 60. ನೀವು ಎರಡನ್ನೂ ಕೂಡಿಸಿ ಅರ್ಧ ಮಾಡಿದಿರಿ, ತುಂಬಾ ಜನ ಹಾಗೇ ಮಾಡುತ್ತಾರೆ. ಒಂದು ಕಡೆಯ ದಾರಿ 120 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಹೋಗಲು 3 ಗಂಟೆ, ಬರಲು 2 ಗಂಟೆ. ಒಟ್ಟು 240 ಕಿಲೋಮೀಟರ್, 5 ಗಂಟೆ. ಭಾಗಿಸಿದರೆ 48. ಐದು ಗಂಟೆಯಲ್ಲಿ ಮೂರು ಗಂಟೆ ನೀವು 40ರಲ್ಲೇ ಇದ್ದಿರಿ, 60ರಲ್ಲಿ ಇದ್ದದ್ದು ಎರಡೇ ಗಂಟೆ. ಜಾಸ್ತಿ ಹೊತ್ತು ನಿಧಾನವಾಗಿ ಹೋದ ಮೇಲೆ ಸರಾಸರಿ ನಿಧಾನದ ಕಡೆ ವಾಲಲೇಬೇಕು. ಮೂರು ಗಂಟೆ 40ರಲ್ಲಿ, ಮತ್ತೆ ಮೂರು ಗಂಟೆ 60ರಲ್ಲಿ ಓಡಿದ್ದರೆ ನಿಮ್ಮ 50 ಸರಿಯೇ. ದೂರ ಸಮ ಇದ್ದದ್ದನ್ನು ಸಮಯವೂ ಸಮ ಅಂತ ತಿಳಿದದ್ದು ಎಡವಿದ ಜಾಗ. 120ರ ಬದಲು ಬೇರೆ ಯಾವ ದೂರ ಇಟ್ಟರೂ 48 ಬದಲಾಗುವುದಿಲ್ಲ, ಪರೀಕ್ಷಿಸಿ ನೋಡಿ.

ಮಗಳಿಗೆ ಇದು ಪೂರ್ತಿ ಅರ್ಥವಾಯಿತೇ ಅಂತ ತಿಳಿಯಲು ಒಂದು ಲೆಕ್ಕ ಕೊಡಿ. ಹೋಗುವಾಗ 40ರಲ್ಲಿ ಹೋಗಿಯಾಯಿತು. ಬರುವಾಗ ಎಷ್ಟು ಜೋರಾಗಿ ಬಂದರೆ ಒಟ್ಟು ಸರಾಸರಿ 80 ಆಗುತ್ತದೆ? ಎಲ್ಲರೂ ಥಟ್ಟನೆ 120 ಅನ್ನುತ್ತಾರೆ. ನಿಜವಾದ ಉತ್ತರ, ಎಷ್ಟು ಜೋರಾಗಿ ಬಂದರೂ ಆಗುವುದಿಲ್ಲ. ಸರಾಸರಿ 80 ಬರಬೇಕಾದರೆ 240 ಕಿಲೋಮೀಟರಿಗೆ 3 ಗಂಟೆ. ಆ 3 ಗಂಟೆ ಹೋಗುವಾಗಲೇ ಖರ್ಚಾಗಿದೆ. ವಾಪಸು ಬರಲು ಒಂದು ಕ್ಷಣವೂ ಉಳಿದಿಲ್ಲ.

ಸರಾಸರಿ ಜವ ಅಂದರೆ ಆ ಜವದಲ್ಲೇ ಓಡಿದರು ಅಂತಲೂ ಅಲ್ಲ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಸರಾಸರಿ ಗಂಟೆಗೆ 37.6 ಕಿಲೋಮೀಟರ್. ಆದರೆ ಶುರುವಿನಲ್ಲಿ ಸೊನ್ನೆ, ನಡುವೆ ಒಂದು ಕಡೆ 44 ದಾಟಿತ್ತು. ವಾಹನದ ಸ್ಪೀಡೋಮೀಟರ್ ತೋರಿಸುವುದು ಆ ಕ್ಷಣದ ಜವ, ಓಡೋಮೀಟರ್ ತೋರಿಸುವುದು ಒಟ್ಟು ಓಡಿದ ದೂರ. ಸರಾಸರಿ ಬೇಕಾದರೆ ಓಡೋಮೀಟರ್ ಮತ್ತು ಗಡಿಯಾರ ಎರಡೂ ಬೇಕು.

ಏಕಮಾನದ ವಿಷಯ ಬೇಗ ಮುಗಿಸುತ್ತೇನೆ. ಗಂಟೆಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರ್ ಮಾಡಲು 5ರಿಂದ ಗುಣಿಸಿ 18ರಿಂದ ಭಾಗಿಸಿ ಅಂತ ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆಯಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಅಂತ ಮರೆತುಹೋಗುತ್ತದೆ. ಅದರ ಬದಲು ಗಂಟೆಗೆ 36 ಕಿಲೋಮೀಟರ್ ಅಂದರೆ ಸೆಕೆಂಡಿಗೆ 10 ಮೀಟರ್ ಅನ್ನುವ ಒಂದೇ ಜೋಡಿ ನೆನಪಿಟ್ಟರೆ ಸಾಕು. ಗಂಟೆಗೆ 36,000 ಮೀಟರ್, ಗಂಟೆಗೆ 3,600 ಸೆಕೆಂಡ್, ಅಲ್ಲಿಂದ ಉಳಿದದ್ದೆಲ್ಲ ಬರುತ್ತದೆ.

ದೂರ-ಕಾಲ ನಕ್ಷೆ ಬರುವ ಹೊತ್ತಿಗೆ ಮಕ್ಕಳು ಅದನ್ನು ದಾರಿಯ ಚಿತ್ರ ಅಂದುಕೊಳ್ಳುತ್ತಾರೆ, ಗೆರೆ ಮೇಲೆ ಹೋದರೆ ಗುಡ್ಡ ಹತ್ತಿದ ಹಾಗೆ ಅಂತ. ಅಡ್ಡಕ್ಕೆ ಮಲಗಿದ ಗೆರೆ ಸಮತಟ್ಟು ರಸ್ತೆಯಲ್ಲಿ ಓಡಿದ್ದಲ್ಲ, ನಿಂತೇ ಇದ್ದದ್ದು. ದೂರ ಬದಲಾಗುತ್ತಿಲ್ಲ, ಸಮಯ ಮಾತ್ರ ಹೋಗುತ್ತಿದೆ. ಈ ಒಂದು ಗೆರೆ ಅರ್ಥವಾದರೆ ನಕ್ಷೆಯ ಭಯ ಅರ್ಧ ಹೋಗುತ್ತದೆ.

ಈಗ ಮತ್ತೆ ಲೋಲಕ ಕಟ್ಟಿ. ಈ ಸಲ ಉದ್ದ 25 ಸೆಂಟಿಮೀಟರ್ ಇರಲಿ, ಒಂದು ಮೀಟರಿನ ಕಾಲು ಭಾಗ. ಅಳೆಯುವ ಮೊದಲು ಸಮಯ ಎಷ್ಟಾಗಬಹುದು ಅಂತ ಮಗಳ ಹತ್ತಿರ ಊಹೆ ಬರೆಸಿ. ಉದ್ದ ಕಾಲು ಭಾಗವಾದರೆ ಸಮಯವೂ ಕಾಲು ಭಾಗ, ಅರ್ಧ ಸೆಕೆಂಡ್ ಅಂತ ಬರೆಯುವ ಸಾಧ್ಯತೆ ಜಾಸ್ತಿ. ಬರೆಯಲಿ, ತಿದ್ದಬೇಡಿ. ನಡುವಿನ ಗೆರೆ, ಸೊನ್ನೆಯಿಂದ ಎಣಿಕೆ, ಇಪ್ಪತ್ತು ತೂಗಾಟ. 20 ಸೆಕೆಂಡಿಗೆ ಹತ್ತಿರ ಬಂದರೆ ಸರಿಯಾಗಿ ಮಾಡಿದ್ದಾಳೆ, ಅಂದರೆ ಒಂದು ತೂಗಾಟಕ್ಕೆ ಒಂದು ಸೆಕೆಂಡ್, ಕಾಲು ಭಾಗ ಅಲ್ಲ, ಅರ್ಧ. ಪ್ರತಿ ಸಲವೂ 19ರ ಹತ್ತಿರ ಬಂದರೆ ಎಣಿಕೆ ಇನ್ನೂ ಒಂದರಿಂದಲೇ ಶುರುವಾಗುತ್ತಿದೆ. 21ರ ಹತ್ತಿರ ಬಂದರೆ ಮತ್ತೆ ಪಟ್ಟಿ ತೆಗೆದುಕೊಂಡು ಉದ್ದ ನೋಡಿ, ಗಂಟಿನ ತನಕ ಅಳೆದಿರುತ್ತೀರಿ.